ವಾಪಸ್ ಬರುತ್ತಿದ್ದ ಮೇಲ್: ಹೆಸರಿಗೂ ಐಪಿಗೂ ತಾಳೆ ಹಾಕಿದ್ದು

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸಹಕಾರ ಸಂಘದ ಮೇಲ್ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ, ಒಂದು ಸ್ಟ್ಯಾಟಿಕ್ (ಬದಲಾಗದ) ಐಪಿ, ಅಷ್ಟೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದಿನದ ಧಾರಣೆ ಸದಸ್ಯರಿಗೆ ಮೇಲ್‌ನಲ್ಲಿ ಹೋಗಬೇಕು. ಇವತ್ತಿನ ಧಾರಣೆ ನಾಳೆ ತಲುಪಿದರೆ ಯಾರಿಗೂ ಉಪಯೋಗವಿಲ್ಲ. ಈ ಮೇಲ್‌ಗಳು ತಿರಸ್ಕೃತವಾಗತೊಡಗಿದಾಗ ಸರಿಪಡಿಸಿದ ಬಗೆ ಇದು.

ಮೊದಲು ಮೇಲ್ ಲಾಗ್ ತೆರೆದು ತಿರಸ್ಕಾರದ ಸಾಲನ್ನು ಪೂರ್ತಿ ಓದಿ. ಅಲ್ಲಿನ ಉತ್ತರದ ಸಂಖ್ಯೆ 5ರಿಂದ ಶುರುವಾದರೆ ಮೇಲ್ ಆಗಲೇ ವಾಪಸ್. 4ರಿಂದ ಶುರುವಾದರೆ ಕ್ಯೂನಲ್ಲಿ (ಕಳಿಸಲು ಕಾದಿರುವ ಮೇಲ್‌ಗಳ ಸಾಲಿನಲ್ಲಿ) ಉಳಿದು ಮತ್ತೆ ಮತ್ತೆ ಪ್ರಯತ್ನ ನಡೆಯುತ್ತದೆ. ಪೋಸ್ಟ್‌ಫಿಕ್ಸ್ ಡೀಫಾಲ್ಟ್ ಪ್ರಕಾರ 5 ದಿನ ಕಾದು ಕೈಬಿಡುತ್ತದೆ. ಇದೇ ಹೆಚ್ಚು ಅಪಾಯ, ಏಕೆಂದರೆ ಅಷ್ಟು ದಿನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ನನಗೆ ಸಿಕ್ಕ ಮೊದಲ ಸಾಲು 504 5.5.2, ಹೆಲೋ ಹೆಸರು (ಎದುರಿನ ಸರ್ವರ್‌ಗೆ ನಮ್ಮ ಸರ್ವರ್ ಹೇಳಿಕೊಳ್ಳುವ ಹೆಸರು) ಪೂರ್ಣವಾಗಿಲ್ಲ ಎಂದು. ಇನ್‌ಸ್ಟಾಲ್ ಮಾಡುವಾಗ ಯಂತ್ರಕ್ಕೆ ಬರೀ 'ಸರ್ವರ್' ಎಂದು ಹೆಸರಿಟ್ಟಿದ್ದರಿಂದ ಅದು ಹೊರಗಿನವರಿಗೂ ಹಾಗೆಯೇ ಪರಿಚಯ ಹೇಳಿಕೊಳ್ಳುತ್ತಿತ್ತು. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ಸ್‌ನ ಮೈಹೋಸ್ಟ್‌ನೇಮ್ ಸಾಲಿನಲ್ಲಿ ಪೂರ್ಣ ಹೆಸರು, ಅಂದರೆ 'ಮೇಲ್' ನಂತರ ಚುಕ್ಕೆ, ಆಮೇಲೆ ಸಂಘದ ಡೊಮೇನ್, ಬರೆದು ರೀಲೋಡ್ ಮಾಡಿದೆ. ಇದು ಎರಡು ನಿಮಿಷದ ಕೆಲಸ.

ದಿನಗಟ್ಟಲೆ ಹಿಡಿದದ್ದು 550 5.7.25. ಕಳಿಸುವ ಐಪಿಗೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ತೋರಿಸುವುದು) ಇಲ್ಲ, ಅಥವಾ ಇದ್ದರೂ ಆ ಹೆಸರು ತಿರುಗಿ ಅದೇ ಐಪಿಗೆ ಬರುತ್ತಿಲ್ಲ ಎಂದು ಜಿಮೇಲ್ ಕೊಡುವ ಉತ್ತರ ಇದು. ಇಲ್ಲಿ ಬಹಳ ಜನ ಎಡವುತ್ತಾರೆ: ಡೊಮೇನ್ ಕೊಂಡ ಕಡೆಯ ಪ್ಯಾನೆಲ್‌ನಲ್ಲಿ ಪಿಟಿಆರ್ ಬರೆದು ಕಾಯುತ್ತಾರೆ. ಎಷ್ಟು ಕಾದರೂ ಆಗದು. ಹೆಸರಿನಿಂದ ಐಪಿಗೆ ಹೋಗುವ ದಾರಿ ಡೊಮೇನ್ ಮಾಲೀಕರದು, ಐಪಿಯಿಂದ ಹೆಸರಿಗೆ ಬರುವ ದಾರಿ ಐಪಿ ಕೊಟ್ಟವರದು. 203.0.113.25 ಎಂಬ ಐಪಿಯಾದರೆ ಹುಡುಕಾಟ ನಡೆಯುವುದು 25.113.0.203 ಎಂದು ತಿರುಗಿಸಿ, ಆ ವಲಯ ಇಂಟರ್‌ನೆಟ್ ಕಂಪನಿಯ ಕೈಯಲ್ಲಿರುತ್ತದೆ. ಹಾಗಾಗಿ ಮೊದಲು ಎ ರೆಕಾರ್ಡ್ (ಹೆಸರಿನಿಂದ ಐಪಿ ತೋರಿಸುವ ದಾಖಲೆ) ಹಾಕಿ, ಡಿಗ್ ಎಂಬ ಹುಡುಕಾಟದ ಕಮಾಂಡಿನಿಂದ ಖಚಿತಪಡಿಸಿಕೊಂಡು, ಆಮೇಲೆ ಐಪಿ ಮತ್ತು ಹೆಸರು ಎರಡನ್ನೂ ಬರೆದು ಕಂಪನಿಗೆ ಲಿಖಿತ ಮನವಿ ಕೊಟ್ಟೆ. ಫೋನಿನಲ್ಲಿ ಹೇಳಿದರೆ ಒಂದಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ. ಹೆಲೋ ಹೆಸರು, ಪಿಟಿಆರ್, ಎ ರೆಕಾರ್ಡ್ ಮೂರೂ ಒಂದೇ ಆಗಿರಲಿ.

ಆಮೇಲೂ ಜಿಮೇಲ್‌ಗೆ ಕೆಲವು ಮೇಲ್ ಹೋಗಲಿಲ್ಲ. ಸರ್ವರ್ ಆಗಾಗ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಮೂಲಕ ಕಳಿಸುತ್ತಿತ್ತು, ಅದಕ್ಕೆ ಪಿಟಿಆರ್ ಇರಲಿಲ್ಲ. ಐನೆಟ್ ಪ್ರೋಟೊಕಾಲ್ಸ್ ಸಾಲನ್ನು ಐಪಿವಿ4ಕ್ಕೆ ಸೀಮಿತಗೊಳಿಸಿದೆ. ಇದಕ್ಕೆ ರೀಲೋಡ್ ಸಾಲದು, ಪೋಸ್ಟ್‌ಫಿಕ್ಸ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ಡೊಮೇನ್ ಹೆಸರಿನಲ್ಲಿ ಯಾವ ಐಪಿಗಳು ಮೇಲ್ ಕಳಿಸಬಹುದೆಂದು ಹೇಳುವುದು ಎಸ್‌ಪಿಎಫ್ ದಾಖಲೆ. ಅದರಲ್ಲಿ ಕಂಡದ್ದು ಎರಡು: ವೆಬ್‌ಸೈಟ್ ಮಾಡಿದಾಗಿನದು ಒಂದು, ಮೇಲ್‌ಗೆ ಇನ್ನೊಂದು. ಒಂದು ಹೆಸರಿಗೆ ಒಂದೇ ಇರಬೇಕು; ಎರಡಿದ್ದರೆ ಪರೀಕ್ಷೆಯೇ ದೋಷವಾಗಿ ಮುಗಿಯುತ್ತದೆ. ಎರಡನ್ನೂ ಕೂಡಿಸಿ ಬರೆದೆ. ಆ ದಾಖಲೆಯೊಳಗೆ ಬರುವ ಇನ್‌ಕ್ಲೂಡ್, ಎ, ಎಂಎಕ್ಸ್ ಇಂಥವಕ್ಕೆಲ್ಲ ಸೇರಿ 10 ಹುಡುಕಾಟದ ಮಿತಿ ಇದೆ, ನೇರವಾಗಿ ಬರೆದ ಐಪಿ ಲೆಕ್ಕಕ್ಕೆ ಬರುವುದಿಲ್ಲ. ಎಂಎಕ್ಸ್ (ಡೊಮೇನ್‌ಗೆ ಬರುವ ಮೇಲ್ ಯಾವ ಸರ್ವರ್‌ಗೆ ಎಂದು ಹೇಳುವ ದಾಖಲೆ) ಯಾವತ್ತೂ ಸಿನೇಮ್ (ಇನ್ನೊಂದು ಹೆಸರಿಗೆ ಇಟ್ಟ ಅಡ್ಡಹೆಸರು) ಕಡೆ ತೋರಿಸಬಾರದು. ಝೋನ್ ಫೈಲ್ (ಡೊಮೇನ್ ದಾಖಲೆಗಳ ಕಡತ) ಕೈಯಲ್ಲಿ ತಿದ್ದುವವರು ಹೆಸರಿನ ಕೊನೆಯ ಚುಕ್ಕೆ ಮರೆತರೆ ಡೊಮೇನ್ ಎರಡು ಸಲ ಅಂಟಿಕೊಳ್ಳುತ್ತದೆ. ಬದಲಾವಣೆಗೆ ಹಿಂದಿನ ದಿನವೇ ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಡಿ.

ಇನ್ನು ಮಳೆಗಾಲ. ಮರ ಬಿದ್ದು ಫೈಬರ್ ತುಂಡಾದರೆ ರೂಟರ್ ತಾನಾಗಿ ಮೊಬೈಲ್ ಡೇಟಾಗೆ ಹೊರಳುತ್ತದೆ. ಆಗ ಹೊರಹೋಗುವ ಐಪಿಯೇ ಬೇರೆ: ಪಿಟಿಆರ್ ನಮ್ಮದಲ್ಲ, ಎಸ್‌ಪಿಎಫ್‌ನಲ್ಲೂ ಇಲ್ಲ. ಅಂಥ ಹೊತ್ತಿನಲ್ಲಿ ಕಳಿಸಿದ್ದೆಲ್ಲ ತಿರಸ್ಕಾರವೇ. ಅದಕ್ಕೆ ಲೈನ್ ಹೋದ ಕೂಡಲೇ ಪೋಸ್ಟ್‌ಫಿಕ್ಸ್‌ನ ಡಿಫರ್ ಟ್ರಾನ್ಸ್‌ಪೋರ್ಟ್ಸ್ ಸಾಲಿಗೆ ಎಸ್‌ಎಂಟಿಪಿ (ಹೊರಗೆ ಮೇಲ್ ಕಳಿಸುವ ಭಾಗ) ಎಂದು ಹಾಕಿ ರೀಲೋಡ್ ಮಾಡುತ್ತೇನೆ, ಮೇಲ್ ಕ್ಯೂನಲ್ಲೇ ಉಳಿಯುತ್ತದೆ. ಫೈಬರ್ ಬಂದ ಮೇಲೆ ಆ ಸಾಲು ಖಾಲಿ ಮಾಡಿ, ಇನ್ನೊಮ್ಮೆ ರೀಲೋಡ್ ಮಾಡಿ, ಹಳೆಯ ಧಾರಣೆಯ ಮೇಲ್‌ಗಳನ್ನು ಕ್ಯೂನಿಂದ ಅಳಿಸಿ, ಉಳಿದದ್ದನ್ನು ಪೋಸ್ಟ್‌ಕ್ಯೂ ಎಂಬ ಕಮಾಂಡಿಗೆ ಮೈನಸ್ ಎಫ್ ಕೊಟ್ಟು ಹೊರಡಿಸುತ್ತೇನೆ.