ಮೊಣಕಾಲೂರಿ ಒಂದು ಸುತ್ತು ಬನ್ನಿ

ಜೂನ್ ಹತ್ತಿರ ಬಂತು, ಶಿಶುವಿಹಾರದ ಅಕ್ಕಂದಿರಿಗೆ ಒಂದು ಮಾತು. ಹೊಸ ಚಾರ್ಟು, ಬಣ್ಣ ಎಂದು ದುಡ್ಡು ಸುರಿಯುವ ಮೊದಲು ನಿಮ್ಮ ಕೋಣೆಯಲ್ಲಿ ಮೊಣಕಾಲೂರಿ ಒಂದು ಸುತ್ತು ಬನ್ನಿ. ಗದಗಿನ ನಮ್ಮ ಕೋಣೆಯಲ್ಲಿ ಹಾಗೆ ಮಾಡಿದಾಗ ನನಗೆ ಕಂಡದ್ದು ಮೇಜಿನ ಕಾಲು, ಬೋಳು ಗೋಡೆ, ಅಷ್ಟೇ. ಚಿತ್ರಗಳೆಲ್ಲ ದೊಡ್ಡವರ ತಲೆಯ ಮಟ್ಟದಲ್ಲಿದ್ದವು! ಅಂದೇ ಎಲ್ಲವನ್ನೂ 3 ಅಡಿಗಿಂತ ಕೆಳಗಿಳಿಸಿದೆ.

ಆಟಿಕೆಗೆ ನಮ್ಮ ಎರೆಮಣ್ಣೇ ಸಾಕು. ಕಲ್ಲು, ಕಡ್ಡಿ ಆರಿಸಿ, ರಾತ್ರಿ ನೆನೆಸಿ, ಬೆಳಿಗ್ಗೆ ಚಪಾತಿ ಹಿಟ್ಟಿನ ಹದಕ್ಕೆ ನಾದಿ ಕೊಡಿ. ಮಣ್ಣೆತ್ತಿನ ಅಮಾವಾಸ್ಯೆ ಕಂಡ ಮಕ್ಕಳಿಗೆ ಎತ್ತು ಮಾಡುವುದನ್ನು ನಾವು ಕಲಿಸಬೇಕಿಲ್ಲ. ಕೋಡೆಷ್ಟು, ಕಾಲೆಷ್ಟು ಎಂದು ಕೇಳಿದರೆ ಎಣಿಕೆಯ ಪಾಠವೂ ಆಯಿತು. ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಬಲ ಬರುವುದೂ ಹೀಗೆಯೇ. 3 ವರ್ಷದವರಿಗೆ ಅಕ್ಷರ ತಿದ್ದಿಸಿ ಎಂದು ಒತ್ತಾಯಿಸುವ ಪಾಲಕರಿಗೆ ನಾನು ಆ ಎತ್ತುಗಳನ್ನೇ ತೋರಿಸುತ್ತೇನೆ. ಎಣಿಸಲು ಕಡಲೆ, ಹುಣಸೆಬೀಜ ಮಾತ್ರ ಬೇಡ. ಒಮ್ಮೆ ಒಂದು ಮಗು ಕಡಲೆಯನ್ನು ಮೂಗಿಗೆ ಸೇರಿಸಿಕೊಂಡಾಗ ನನ್ನ ಜೀವವೇ ಬಾಯಿಗೆ ಬಂದಿತ್ತು.

ಗದ್ದಲಕ್ಕೆ ಕೂಗಿ ಫಲವಿಲ್ಲ. ಆಟ ಮುಗಿದು ಊಟಕ್ಕೆ ಏಳುವ ಹೊತ್ತಿನಲ್ಲೇ ತಳ್ಳಾಟ ಹೆಚ್ಚು. 5 ನಿಮಿಷ ಮೊದಲೇ ಹೇಳಿ, ದಿನವೂ ಅದೇ ಹಾಡು ಹಾಡಿ, ನಾಲ್ಕು ನಾಲ್ಕು ಮಕ್ಕಳನ್ನಷ್ಟೇ ಕೈ ತೊಳೆಯಲು ಕಳಿಸಿ. ಕೂತಲ್ಲಿ ಕೂರದವನಿಗೆ ತಟ್ಟೆ ಹಂಚುವ ಕೆಲಸ ಕೊಡಿ. ನಮ್ಮಲ್ಲಿ ಅಂಥ ಪೋರನೊಬ್ಬ ಈಗ ತಟ್ಟೆಗಳನ್ನು ನಾನು ಮುಟ್ಟಿದರೂ ಮುಖ ಗಂಟಿಕ್ಕುತ್ತಾನೆ.