ನುಡಿ ಕೀಬೋರ್ಡ್ ಉಳಿಸಿದ್ಮ್ಯಾಲೇ ಆಫೀಸಿನ್ಯಾಗ ಲಿನಕ್ಸ್ ನೆಲಿ ನಿಂತ್ತು

ವಿಜಯಪುರ ಜಿಲ್ಲೆದಾಗ ನಾ ಕೆಲಸ ಮಾಡೋ ಸರ್ಕಾರಿ ಆಫೀಸಿನ್ಯಾಗ ಎಲ್ಲಾ ಕಂಪ್ಯೂಟರೂ ವಿಂಡೋಸ್ 7 ಇದ್ದೂ, 2020ರ ಜನವರಿಗೆ ಅದರ ಸಪೋರ್ಟ್ ನಿಂತ್ತು, ಹೊಸಾವು ಬೇಕಂತ ಬರದ್ರ ಅನುದಾನ ಇಲ್ಲ ಅಂತ ಉತ್ತರ. ಓಪನ್ ಸೋರ್ಸ್‌ಗೆ, ಅಂದ್ರ ಲಿನಕ್ಸ್‌ದಂಥ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ಗೆ, ಆದ್ಯತೆ ಕೊಡಬೇಕಂತ ಕೇಂದ್ರ ಸರ್ಕಾರ 2015ರಾಗನ ಪಾಲಿಸಿ ತಂದದ, ಅದರ ಪ್ರಿಂಟ್ ತಗದು ಸಾಹೇಬ್ರ ಮುಂದ ಇಟ್ಟೆ. ಮಾಡ್ರಿ, ಆದ್ರ ಒಂದು ಟಪಾಲೂ ನಿಲ್ಲಬಾರದು ಅಂದ್ರು.

ನಾ ಅವಸರ ಮಾಡ್ದೆ. ಟೈಪಿಂಗ್ ಮಾಡೋ ಅಕ್ಕಾರ ಮಷಿನ್‌ಗೇ ಮೊದಲ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ಕನ್ನಡಕ್ಕ ಇನ್‌ಸ್ಕ್ರಿಪ್ಟ್ ಅನ್ನೋ ಬ್ಯಾರೆ ಕೀಲಿಮಣಿ ಲೇಔಟ್ ಕೊಟ್ಟೆ. "ತಮ್ಮಾ, ಕೀಬೋರ್ಡ್ ನೋಡದನ ಬಡಿಯಾಕಿ ನಾ, ಈಗ ಒಂದೊಂದು ಅಕ್ಷರ ಹುಡುಕಬೇಕಾಗ್ಯದ" ಅಂದ್ರು, ಕಣ್ಣಾಗ ನೀರು ಬಂದಿತ್ತು. ಅವ್ರ ಮಾತು ಖರೇನ, ಇಷ್ಟು ವರ್ಷ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ದಾಗ ಕೂತ ಕೈ ಅದು. ಆ ರಾತ್ರಿ ಹುಡುಕಿದಾಗ ಲಿನಕ್ಸ್‌ದಾಗ ಬ್ಯಾರೆ ಬ್ಯಾರೆ ಭಾಷೆ ಟೈಪ್ ಮಾಡಾಕ ಇರೋ ಐಬಸ್‌ನ್ಯಾಗ ಎಂ17ಎನ್ ಅನ್ನೋ ಕೀಲಿಮಣಿಗಳ ಕಟ್ಟು ಹಾಕಿದ್ರ ಕೆಜಿಪಿ ಲೇಔಟ್ ಸಿಗ್ತದ ಅಂತ ಗೊತ್ತಾತು, ಅಂದ್ರ ಕನ್ನಡ ಗಣಕ ಪರಿಷತ್ತಿನ ನುಡಿ ಕೀಲಿಮಣಿನೇ. ಮರುದಿನ ಮಧ್ಯಾಹ್ನದೊಳಗ ಅಕ್ಕಾರು ಮೂರು ಪತ್ರ ಮುಗಿಸಿದ್ರು. ಇದನ್ನ ಮೊದಲ ದಿನಾನ ಅವ್ರನ್ನ ಕೇಳಿ ಮಾಡಬೇಕಿತ್ತು ಅಂತ ಇವತ್ತಿಗೂ ಅನ್ನಸ್ತದ.

ಖರೇ ಕೆಲಸ ಹಳೇ ಫೈಲ್‌ದು. ಎಲ್ಲಾ ಹಳೇ ಆಸ್ಕಿ ಪದ್ಧತಿಯ ನುಡಿ ಫಾಂಟ್‌ದಾಗ ಇದ್ದೂ, ಆ ಫಾಂಟ್ ಇಲ್ಲಂದ್ರ ಕನ್ನಡದ ಜಾಗಾದಾಗ ಬರೇ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣ್ತಾವ. ಕನ್ವರ್ಟರ್‌ಲೆ ಯೂನಿಕೋಡ್‌ಗೆ, ಅಂದ್ರ ಈಗ ಎಲ್ಲಾ ಕಡೆ ನಡಿಯೋ ಅಕ್ಷರ ಪದ್ಧತಿಗೆ, ಬದಲಿಸಿದ್ರ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡತಾವ, ಒಂದೊಂದು ಸಾಲೂ ಓದೇ ತಿದ್ದಬೇಕು, ಅದಕ್ಕ ಎಲ್ಲಾ ಮಾಡಾಕ ಹೋಗಲಿಲ್ಲ, ದಿನಾ ಬೇಕಾಗೋ ನಮೂನೆ, ನಡುವಳಿ, ಚಾಲ್ತಿ ಕಡತ ಅಷ್ಟ ಮಾಡಿದ್ವಿ. ಈಗ ನಮ್ಮ ಜಿಲ್ಲೆದ ತಿಕೋಟಾ ಊರಿನ ಹೆಸರು ಟೈಪ್ ಮಾಡಿದ್ರ ಬದಲಿಸಿದ ಫೈಲ್‌ದಾಗ ಆ ಹೆಸರಿರೋ ಪತ್ರ ಎಲ್ಲಾ ಬರ್ತಾವ. ಮೊದಲ ಅದಕ್ಕ ಅರ್ಧ ದಿನ ಹೋಗ್ತಿತ್ತು, ಕೌಂಟರ್ ಮುಂದ ನಿಂತ ರೈತಗ ನಾಳೆ ಬರ್ರಿ ಅನ್ನೋದು, ಮನಸ್ಸಿಗೆ ಭಾಳ ಚುಚ್ಚತಿತ್ತು.

ವರ್ಡ್ ಬದಲು ಬಳಸೋ ಲಿಬ್ರೆಆಫೀಸ್‌ದಾಗ ಮಾಡಿದ್ದನ್ನ ವರ್ಡ್‌ದ ಡಾಕ್ಸ್ ಫೈಲ್ ಮಾಡಿ ಕಳಿಸಿದ್ರ ಮೇಲಿನ ಆಫೀಸಿನ್ಯಾಗ ಟೇಬಲ್ ಸರಿತಿದ್ದೂ. ಅದಕ್ಕ ಹೊರಗ ಹೋಗೋದು ಪಿಡಿಎಫ್, ಒಳಗ ಉಳಿಯೋದು ಲಿಬ್ರೆಆಫೀಸ್‌ದ್ದೇ ಓಡಿಟಿ ಫೈಲ್ ಅಂತ ಸಾಹೇಬ್ರು ಟಿಪ್ಪಣಿ ಹಾಕಿಸಿದ್ರು, ಅಲ್ಲಿಗೆ ತಕರಾರು ನಿಂತ್ತು.

ಡಿಜಿಟಲ್ ಸಹಿ ಮಾಡೋ ಪೆನ್‌ಡ್ರೈವ್‌ದಂಥ ಟೋಕನ್ ಹಚ್ಚೋ ಮಷಿನ್ ಒಂದು ವಿಂಡೋಸ್‌ನ್ಯಾಗನ ಬಿಟ್ಟೀವಿ, ನಮ್ಮ ಟೋಕನ್ ಡ್ರೈವರ್ ಲಿನಕ್ಸ್‌ದಾಗ ನಡೀಲಿಲ್ಲ. ಹೊಸದಾಗಿ ಬಂದ ಹುಡುಗಗ ಐಬಸ್ ಸೆಟ್ ಮಾಡೋದು ಹೋದ ವಾರ ಅಕ್ಕಾರೇ ಕಲಿಸಿದ್ರು.