ಬೀದಿನಾಯಿಯ ಗಾಯಕ್ಕೆ ಹುಳ ಬಿದ್ದರೆ ಫಿನಾಯಿಲ್ ಸುರಿಯಬೇಡಿ

ವಿಜಯಪುರದಾಗ ಮಳೆ ಶುರುವಾದ ಕೂಡಲೇ ನೊಣ ಹೆಚ್ಚುತ್ತವೆ. ತೆರೆದ ಗಾಯದ ಮೇಲೆ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳ ಆಗುತ್ತದೆ. ಫಿನಾಯಿಲ್, ಸೀಮೆಎಣ್ಣೆ, ಪೆಟ್ರೋಲ್, ನುಸಿಗುಳಿಗೆ ಪುಡಿ ಯಾವುದೂ ಬೇಡ. ಮಾಂಸ ಸುಡುತ್ತದೆ, ನೆಕ್ಕಿದರೆ ವಿಷ ಹೊಟ್ಟೆಗೆ ಹೋಗುತ್ತದೆ.

ಎಷ್ಟೇ ಸಾಧು ನಾಯಿ ಇರಲಿ, ನೋವಿನಲ್ಲಿ ಕಚ್ಚುತ್ತದೆ. ಬ್ಯಾಂಡೇಜ್ ಬಟ್ಟೆಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ದಾಟಿಸಿ, ಕಿವಿಗಳ ಹಿಂದೆ ಗಂಟು ಹಾಕಿ. ಏದುಸಿರು ಬಿಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮೂತಿ ಕಟ್ಟಲೇಬಾರದು.

ತೂತಿನಲ್ಲಿ ಕಾಣುವ ಬಿಳಿ ತುದಿ ಹುಳದ ಹಿಂಭಾಗ. ಅದು ಅಲ್ಲಿಂದಲೇ ಉಸಿರಾಡುತ್ತದೆ. ಒತ್ತಿ ಹಿಂಡಿದರೆ ಇನ್ನೂ ಒಳಗೆ ಸರಿಯುತ್ತದೆ. ವ್ಯಾಸಲಿನ್ ದಪ್ಪಗೆ ಮೆತ್ತಿ ಹತ್ತು ನಿಮಿಷ ಬಿಡಿ. ಉಸಿರಿಗೆ ಮೇಲೆ ಬಂದವನ್ನು ಚಿಮಟಿಗೆಯಿಂದ ತುಂಡಾಗದಂತೆ ಎಳೆಯಿರಿ. ಆಮೇಲೆ ಸೂಜಿ ಇಲ್ಲದ ಸಿರಿಂಜಿನಿಂದ ಸಲೈನ್ ಹಾಯಿಸಿ, ಕೊನೆಗೆ ಒಂದು ಭಾಗ ಬೆಟಾಡಿನ್ ದ್ರಾವಣಕ್ಕೆ ಹತ್ತು ಭಾಗ ನೀರು ಬೆರೆಸಿ ತೊಳೆಯಿರಿ. ಸುತ್ತಲಿನ ಕೂದಲು ಕತ್ತರಿಸಿ, ಮೊಟ್ಟೆ ಅಂಟಿರುವುದು ಅಲ್ಲೇ.

ಮರುದಿನ ಮತ್ತೆ ನೋಡಲೇಬೇಕು, ಒಳಗೆ ಉಳಿದವು ಆಗ ಹೊರಬರುತ್ತವೆ. ಕಿವಿಯೊಳಗೆ, ಕಣ್ಣಿನ ಹತ್ತಿರ ಅಥವಾ ಬೆರಳು ಹೋಗುವಷ್ಟು ಆಳದ ಗಾಯವಿದ್ದರೆ ನೀವೇ ಕೈ ಹಾಕದೆ ನೇರ ಪಶು ಆಸ್ಪತ್ರೆಗೆ ಒಯ್ಯಿರಿ. ಹುಳ ಸಾಯಿಸುವ ಔಷಧಿ ಐವರ್ಮೆಕ್ಟಿನ್ ಪ್ರಮಾಣ ಡಾಕ್ಟರೇ ತೂಕ ನೋಡಿ ಹೇಳಬೇಕು. ನೋವಿಗೆಂದು ಮನೆಯ ಪ್ಯಾರಸಿಟಮಾಲ್, ಐಬುಪ್ರೊಫೆನ್ ದಯವಿಟ್ಟು ಕೊಡಬೇಡಿ.

ನಿಮಗೆ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.